ವೇಷಧಾರಿ ಬಾಗಿಲು ತಟ್ಟಿದಾಗ ಬಯಲಾಗುವುದು ಯಾರ ಬಣ್ಣ?

ಮಾನ್ಯ ಸಂಪಾದಕರೇ,

ಸಿರಿವಂತರ ಮನೆಗೆ ಸುಳ್ಳು ಹೆಸರು ಹೇಳಿಕೊಂಡು ಬಂದು, ಮಾತಿನ ಮೋಡಿಯಿಂದ ಎಲ್ಲರ ಮನಸ್ಸು ಗೆಲ್ಲುವ ಅತಿಥಿಯನ್ನು ಕುರಿತ ನಾಟಕಗಳ ಬಗ್ಗೆ ತಮ್ಮ ಪತ್ರಿಕೆಯ ರಂಗಭೂಮಿ ಪುಟದಲ್ಲಿ ಇತ್ತೀಚೆಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಅವನ್ನೆಲ್ಲ ಒಟ್ಟಾಗಿ ಚತುರ ವಂಚಕನ ಕಥೆಗಳೆಂದು ಕರೆದ ಲೇಖಕರು, ಆತ ಯಾವಾಗ ಸಿಕ್ಕಿಬೀಳುತ್ತಾನೆ ಎಂಬ ಕುತೂಹಲವೇ ಅವುಗಳ ಜೀವಾಳ ಎಂದಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಇಂಥ ನಾಟಕಗಳಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವವರು ವೇಷಧಾರಿಗೆ ಮಣೆ ಹಾಕಿದ ಮನೆಯವರು. ಅವರ ಮನಸ್ಸಿನಲ್ಲಿ ಅವಿತಿರುವ ಪೂರ್ವಗ್ರಹವು ಅವನನ್ನು ಹೊರದಬ್ಬುವ ಗಳಿಗೆಗಿಂತ ಅವನನ್ನು ಆದರದಿಂದ ಒಳಕರೆಯುವ ಗಳಿಗೆಯಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಈ ಅಂಶವನ್ನು ಕೊಂಚ ವಿವರವಾಗಿ ಹೇಳಲು ಸ್ಥಳಾವಕಾಶ ಕೋರುತ್ತೇನೆ.

ಈ ಬಗೆಯ ನಾಟಕಗಳಲ್ಲಿ ನಮ್ಮ ಕಾಲಕ್ಕೆ ಹತ್ತಿರವಾದದ್ದು ಅಮೆರಿಕದ ಜಾನ್ ಗ್ವೇರ್ ಅವರ ‘ಸಿಕ್ಸ್ ಡಿಗ್ರೀಸ್ ಆಫ್ ಸೆಪರೇಶನ್’. 1990ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ರಂಗಕ್ಕೆ ಬಂದ ಇದು 1993ರಲ್ಲಿ ಚಲನಚಿತ್ರವೂ ಆಯಿತು. ಫ್ಲ್ಯಾನ್ ಮತ್ತು ಉಯೀಸಾ ಕಿಟ್ರೆಜ್ ಎಂಬ ಬಿಳಿಯ ದಂಪತಿ ತಮ್ಮ ಶ್ರೀಮಂತ ಮನೆಯಲ್ಲಿ ದಕ್ಷಿಣ ಆಫ್ರಿಕಾದ ಹಳೆಯ ಸ್ನೇಹಿತನೊಬ್ಬನನ್ನು ಸತ್ಕರಿಸುತ್ತಿದ್ದಾರೆ. ಫ್ಲ್ಯಾನ್ ಕಲಾಕೃತಿಗಳ ವ್ಯಾಪಾರಿ. ಫ್ರೆಂಚ್ ಚಿತ್ರಕಾರ ಸೆಜಾನನ ಚಿತ್ರವೊಂದನ್ನು ಕೊಳ್ಳಲು ಅವನಿಗೆ 20 ಲಕ್ಷ ಡಾಲರ್ ಬೇಕಾಗಿದೆ, ಅದು ಚಿನ್ನದ ಗಣಿಯ ಒಡೆಯನಾದ ಈ ಸ್ನೇಹಿತನಿಂದ ಬರಬೇಕಾಗಿದೆ, ಆದರೆ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಅಷ್ಟರಲ್ಲಿ ಪಾಲ್ ಎಂಬ ಕಪ್ಪು ಯುವಕನೊಬ್ಬ ಇರಿತದ ಗಾಯದಿಂದ ನೆತ್ತರು ಸುರಿಸುತ್ತ ಒಳಬರುತ್ತಾನೆ. ಪಕ್ಕದ ಸೆಂಟ್ರಲ್ ಪಾರ್ಕಿನಲ್ಲಿ ದರೋಡೆಕೋರರು ತನ್ನ ಮೇಲೆ ಬಿದ್ದರೆಂದೂ, ತಾನು ಆ ದಂಪತಿಯ ಮಕ್ಕಳೊಂದಿಗೆ ಹಾರ್ವರ್ಡಿನಲ್ಲಿ ಓದುತ್ತಿರುವವನೆಂದೂ ಹೇಳುತ್ತಾನೆ. ಮಾತು ಮುಂದುವರಿದಂತೆ, ತಾನು ನಟ ಸಿಡ್ನಿ ಪಾಟಿಯೇ ಅವರ ಮಗನೆಂಬ ಸಂಗತಿಯೂ ಹೊರಬೀಳುತ್ತದೆ. ಅವನು ಅಡುಗೆ ಮಾಡಿ ಬಡಿಸುತ್ತಾನೆ, ಸಾಹಿತ್ಯದ ಬಗ್ಗೆ ಎಲ್ಲರೂ ಬೆರಗಾಗುವಂತೆ ಮಾತಾಡುತ್ತಾನೆ, ತಂದೆ ತೆಗೆಯಲಿರುವ ಚಿತ್ರದಲ್ಲಿ ಅವರಿಗೆಲ್ಲ ಸಣ್ಣಪುಟ್ಟ ಪಾತ್ರ ಕೊಡಿಸುವ ಆಸೆಯನ್ನೂ ಹುಟ್ಟಿಸುತ್ತಾನೆ. ದಂಪತಿ ಅವನನ್ನು ರಾತ್ರಿ ಅಲ್ಲಿಯೇ ಉಳಿಸಿಕೊಂಡು, ಕೈಖರ್ಚಿಗೆಂದು 50 ಡಾಲರ್ ಕೊಡುತ್ತಾರೆ. ಬೆಳಗ್ಗೆ ಅವನು ಬೀದಿಯಿಂದ ಕರೆತಂದ ಇನ್ನೊಬ್ಬ ಗಂಡಸಿನೊಂದಿಗೆ ಹಾಸಿಗೆಯಲ್ಲಿರುವುದು ಕಂಡಾಗ, ಇಬ್ಬರನ್ನೂ ಹೊರಗಟ್ಟುತ್ತಾರೆ.

ನಾಟಕ ಆರಂಭವಾಗುವುದೇ ಈ ಹೊರಗಟ್ಟುವಿಕೆಯ ನಂತರದ ಗಾಬರಿಯಿಂದ. ಗಂಡ ಹೆಂಡತಿ ಮನೆಯೆಲ್ಲ ಓಡಾಡಿ, ಬೆಳ್ಳಿಯ ಮಸಿಕುಡಿಕೆ ಇದೆಯೇ, ಗೋಡೆಯ ಮೇಲಿನ ಚಿತ್ರಗಳಿವೆಯೇ ಎಂದು ನೋಡುತ್ತಾರೆ; ನಮ್ಮ ಕತ್ತು ಕೊಯ್ದುಹೋಗಿದ್ದರೆ ಏನು ಗತಿ ಎಂದು ನಡುಗುತ್ತಾರೆ. ಒಂದು ಸಾಮಾನೂ ಕಳುವಾಗಿಲ್ಲ. ಯಾರ ಮೈಮೇಲೂ ಗೀರು ಬಿದ್ದಿಲ್ಲ. ಹಿಂದಿನ ರಾತ್ರಿ ಬಿಡಿಸಿ ಬಿಡಿಸಿ ಹೊಗಳಿದ ಹುಡುಗ ಹೊತ್ತು ಮೂಡುವುದರೊಳಗೆ ಕೊಲೆಗಾರನಾಗಬಲ್ಲವನಾಗಿ ಕಾಣತೊಡಗಿದ್ದಾನೆ. ಈ ಭಯ ಬೆಳಗ್ಗೆ ಹೊಸದಾಗಿ ಹುಟ್ಟಿದ್ದಲ್ಲ. ಮೊದಲಿನಿಂದಲೂ ಅಲ್ಲಿಯೇ ಇತ್ತು. ಒಂದು ದೊಡ್ಡ ಹೆಸರು, ಒಂದು ದೊಡ್ಡ ವಿಶ್ವವಿದ್ಯಾಲಯ ಅದರ ಮೇಲೆ ಮುಸುಕು ಹೊದಿಸಿದ್ದವು, ಅವೆರಡೂ ಸರಿದ ಕೂಡಲೇ ಅದು ಎದ್ದು ನಿಂತಿತು. ಈ ಹುಡುಕಾಟವನ್ನು ನಿರ್ದೇಶಕರು ಸಾಮಾನ್ಯವಾಗಿ ಬಿರುಸಿನ ಹಾಸ್ಯವಾಗಿ ಆಡಿಸುತ್ತಾರೆ. ನಗು ಬರಲಿ, ಬೇಡವೆನ್ನುವುದಿಲ್ಲ. ಆದರೆ ಕಳುವಾಗದ ಮಸಿಕುಡಿಕೆಯನ್ನು ಕೈಯಲ್ಲಿ ಹಿಡಿದು ನಿಂತವರ ಮುಖದಲ್ಲಿ, ಸಮಾಧಾನದ ಜೊತೆಗೆ, ತಮ್ಮ ಅನುಮಾನ ಸುಳ್ಳಾಯಿತಲ್ಲ ಎಂಬ ಒಂದು ಬಗೆಯ ಗೊಂದಲವೂ ಕಾಣಬೇಕು. ಅದು ಕಾಣದಿದ್ದರೆ ನಾಟಕದ ಮೊದಲ ಪ್ರಶ್ನೆಯೇ ಪ್ರೇಕ್ಷಕರನ್ನು ಮುಟ್ಟುವುದಿಲ್ಲ.

ಯಾರು ಯಾರಿಂದ ಏನು ಪಡೆದರು ಎಂಬ ಲೆಕ್ಕವನ್ನೂ ವಿಮರ್ಶಕರು ಒಮ್ಮೆ ಹಾಕಿ ನೋಡಬೇಕು. ಪಾಲ್‌ಗೆ ಸಿಕ್ಕಿದ್ದು ಒಂದು ಊಟ, ಒಂದು ರಾತ್ರಿಯ ಹಾಸಿಗೆ ಮತ್ತು 50 ಡಾಲರ್. ಆ ಊಟವನ್ನೂ ಅವನೇ ಬೇಯಿಸಿದ್ದು. ಮನೆಯವರಿಗೆ ಸಿಕ್ಕಿದ್ದು 20 ಲಕ್ಷ ಡಾಲರ್. ಆ ಸಂಜೆ ಪಾಲ್ ಬೀರಿದ ಮೋಡಿಗೆ ಸಿಕ್ಕಿದ ಗಣಿಯ ಒಡೆಯ, ತನ್ನ ದೇಶದಲ್ಲಿ ಅಮೆರಿಕದ ಕಪ್ಪು ಕಲಾವಿದರ ಚಲನಚಿತ್ರೋತ್ಸವ ನಡೆಸುವ ಕನಸು ಕಾಣುತ್ತ, ಸಂತೋಷದಿಂದ ಹಣ ಕೊಡಲು ಒಪ್ಪಿಬಿಡುತ್ತಾನೆ. ವರ್ಣಭೇದ ನೀತಿ ಕಾನೂನಾಗಿ ಜಾರಿಯಲ್ಲಿದ್ದ ದೇಶದಲ್ಲಿ ಗಣಿಯಿಂದ ಬಂದ ಆ ಹಣವನ್ನು ಯಾರೂ ಸೋಗಿನ ಹಣ ಎನ್ನುವುದಿಲ್ಲ, 50 ಡಾಲರನ್ನು ಮಾತ್ರ ಎಲ್ಲರೂ ವಂಚನೆ ಎನ್ನುತ್ತಾರೆ. ಮುಂದೆ ಇದೇ ಹುಡುಗನಿಂದ ಇದೇ ರೀತಿ ಮೋಸಹೋದ ಇತರ ಸಿರಿವಂತರೂ ಒಟ್ಟುಗೂಡಿ ಪೊಲೀಸರ ಬಳಿ ಹೋದಾಗ, ಇದರಲ್ಲಿ ಅಪರಾಧವೆಲ್ಲಿದೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ. ಅವರಿಗೆ ಆಗಿದ್ದ ನಷ್ಟ ಹಣದ್ದಲ್ಲ. ತಮ್ಮನ್ನು ತಾವು ಉದಾರಿಗಳೆಂದು ನಂಬಿಕೊಂಡಿದ್ದ ಚಿತ್ರವೊಂದು ಒಡೆದುಹೋಗಿತ್ತು, ಅದಕ್ಕೆ ಯಾವ ಠಾಣೆಯಲ್ಲೂ ದೂರು ದಾಖಲಾಗುವುದಿಲ್ಲ.

ಸುಳ್ಳು ತಂದೆಯಾಗಿ ಪಾಲ್ ಆರಿಸಿಕೊಂಡ ಹೆಸರಿನಲ್ಲಿಯೇ ಅರ್ಧ ನಾಟಕ ಅಡಗಿದೆ ಎಂದರೆ ತಪ್ಪಾಗದು. ಪಾಟಿಯೇ 1964ರಲ್ಲಿ ಅತ್ಯುತ್ತಮ ನಟನೆಂದು ಆಸ್ಕರ್ ಪಡೆದವರು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಕಪ್ಪು ನಟ. 1967ರ ಪ್ರಸಿದ್ಧ ಚಿತ್ರವೊಂದರಲ್ಲಿ ಬಿಳಿಯರ ಶ್ರೀಮಂತ ಮನೆಗೆ ಮಗಳನ್ನು ಮದುವೆಯಾಗಲು ಬರುವ ವೈದ್ಯನ ಪಾತ್ರ ಅವರದು. ಆ ವೈದ್ಯ ವಿದ್ಯೆ, ವಿನಯ, ಕೀರ್ತಿ ಯಾವುದರಲ್ಲೂ ಎಳ್ಳಷ್ಟೂ ಕುಂದಿಲ್ಲದವನು. ಅಷ್ಟು ಪರಿಪೂರ್ಣನಾಗಿದ್ದರೂ ಆ ಮನೆಯವರಿಗೆ ಅವನನ್ನು ಒಪ್ಪಿಕೊಳ್ಳಲು ಇಡೀ ಚಿತ್ರದಷ್ಟು ಹೊತ್ತು ಬೇಕಾಗುತ್ತದೆ. ಸಿರಿವಂತರ ಊಟದ ಮೇಜಿನ ಮುಂದೆ ಕಪ್ಪು ಮನುಷ್ಯನಿಗೆ ಯಾವ ಷರತ್ತಿನ ಮೇಲೆ ಕುರ್ಚಿ ಸಿಗುತ್ತದೆ ಎಂಬುದನ್ನು ಪಾಲ್ ಚೆನ್ನಾಗಿ ಅರಿತಿದ್ದ, ಆ ಷರತ್ತನ್ನು ಪೂರೈಸಿದವರ ಮಗನೆಂದು ಹೇಳಿಕೊಂಡ. ಪಾಟಿಯೇ ಅವರಿಗೆ ಇದ್ದವರೆಲ್ಲ ಹೆಣ್ಣುಮಕ್ಕಳು. ಇದನ್ನು ತಿಳಿಯಲು ಅವರ ಆತ್ಮಕಥೆಯೊಂದು ಸಾಕಾಗಿತ್ತು, ಮತ್ತು ನಾಟಕದಲ್ಲಿ ಕೊನೆಗೆ ಆಗುವುದೂ ಹಾಗೆಯೇ. ಆದರೆ ಆ ಪುಸ್ತಕವನ್ನು ಹುಡುಕುವ ಮನಸ್ಸು ಅವರಿಗೆ ಬಂದದ್ದು ಎಲ್ಲ ಮುಗಿದ ಮೇಲೆ. ಮೊದಲ ರಾತ್ರಿ ಅವರು ಪ್ರಶ್ನೆ ಕೇಳದಿದ್ದುದಕ್ಕೆ ಕಾರಣ ಪೆದ್ದುತನವಲ್ಲ. ಒಬ್ಬ ಕಪ್ಪು ಯುವಕನನ್ನು ಮನೆಯಲ್ಲಿ ಇಟ್ಟುಕೊಂಡ ಹೆಮ್ಮೆ ಅವರಿಗೆ ಬೇಕಾಗಿತ್ತು, ಹಾಗೆಯೇ ಅವನು ಬೀದಿಯ ಬಡವನಾಗಿರಬಾರದೆಂಬ ಭದ್ರತೆಯೂ ಬೇಕಾಗಿತ್ತು. ಎರಡನ್ನೂ ಒಟ್ಟಿಗೆ ತಂದುಕೊಟ್ಟವನನ್ನು ಕೆದಕಿ ನೋಡುವ ಮನಸ್ಸು ಯಾರಿಗೆ ಬಂದೀತು?

ಪಾಲ್‌ಗೆ ಈ ನಡೆನುಡಿ ಹೇಗೆ ಬಂತು ಎಂಬುದನ್ನು ತೋರಿಸುವ ದೃಶ್ಯವೊಂದಿದೆ, ಅದರ ಬಗ್ಗೆ ಯಾರೂ ಹೆಚ್ಚಾಗಿ ಬರೆಯುವುದಿಲ್ಲ. ಕಿಟ್ರೆಜ್ ದಂಪತಿಯ ಮಕ್ಕಳ ಹಳೆಯ ಸಹಪಾಠಿಯೊಬ್ಬ ತನ್ನ ವಿಳಾಸ ಪುಸ್ತಕದಲ್ಲಿರುವ ಮನೆಗಳ ಗುಟ್ಟುಗಳನ್ನು ಒಂದೊಂದಾಗಿ ಅವನಿಗೆ ಹೇಳಿಕೊಡುತ್ತಾನೆ, ಪದಗಳನ್ನು ಹೇಗೆ ಉಚ್ಚರಿಸಬೇಕೆಂದು ತಿದ್ದುತ್ತಾನೆ, ಸಿರಿವಂತರು ಉಪಕಾರ ಮಾಡಿದರೆ ಅವರಿಗೆ ಒಂದು ಜಾಡಿ ಜಾಮ್ ಕೊಡಬೇಕೆಂಬ ಸೂಕ್ಷ್ಮವನ್ನೂ ಕಲಿಸುತ್ತಾನೆ. ಹುಟ್ಟಿನಿಂದ ಬಂದದ್ದು, ಮನೆತನದಿಂದ ಬಂದದ್ದು ಎಂದು ಯಾವುದನ್ನು ನಂಬಲಾಗಿದೆಯೋ ಅದು ಕೆಲವೇ ತಿಂಗಳಲ್ಲಿ ಕಲಿಯಬಹುದಾದ ಪಾಠ ಎಂದಾಗುತ್ತದೆ. ಒಳಗಿನವರಿಗೆ ವಂಚನೆಗಿಂತ ಹೆಚ್ಚು ನೋವು ಕೊಡುವುದು ಇದೇ ಇರಬೇಕು.

ಇಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನೆನಪಾಗದಿರದು. 1913ರಲ್ಲಿ ಮೊದಲು ಪ್ರದರ್ಶನಗೊಂಡ ಆ ನಾಟಕವನ್ನು ಪ್ರೇಮಕಥೆಯಂತೆ ನೋಡುವವರೇ ಹೆಚ್ಚು, ಆದರೆ ಅದೂ ಸೋಗಿನ ಅತಿಥಿಯ ನಾಟಕವೇ. ಮೂರನೆಯ ಅಂಕದಲ್ಲಿ ಹೂವಾಡಗಿತ್ತಿ ಎಲೈಜಾಳನ್ನು ಪ್ರೊಫೆಸರ್ ಹಿಗ್ಗಿನ್ಸ್ ತನ್ನ ತಾಯಿಯ ಮನೆಯ ಅತಿಥಿಗಳ ಮುಂದೆ ತಂದು ಕೂರಿಸುತ್ತಾನೆ. ಹವಾಮಾನ ಮತ್ತು ಆರೋಗ್ಯ, ಇವೆರಡನ್ನು ಬಿಟ್ಟು ಬೇರೇನೂ ಮಾತಾಡಬಾರದೆಂದು ಅವಳಿಗೆ ಕಟ್ಟಪ್ಪಣೆಯಾಗಿದೆ. ಅವಳು ಆರೋಗ್ಯದ ಮಾತನ್ನೇ ಎತ್ತಿ, ತನ್ನ ಚಿಕ್ಕಮ್ಮ ಇನ್‌ಫ್ಲುಯೆಂಜಾದಿಂದ ಸತ್ತಳೆಂದು ಜನ ಹೇಳುತ್ತಾರಾದರೂ ಅವಳನ್ನು ಮುಗಿಸಿಬಿಟ್ಟರೆಂದೇ ತನ್ನ ನಂಬಿಕೆ, ತನಗೆ ಬರಬೇಕಿದ್ದ ಅವಳ ಹುಲ್ಲಿನ ಟೋಪಿಯನ್ನು ಕದ್ದವರೇ ಅವಳನ್ನೂ ಕೊಂದಿರಬೇಕು ಎಂದು ಅಚ್ಚುಕಟ್ಟಾದ ಉಚ್ಚಾರದಲ್ಲಿ, ಗಂಭೀರವಾಗಿ ಹೇಳುತ್ತಾಳೆ. ಕೇಳುವವರು ಕಕ್ಕಾಬಿಕ್ಕಿಯಾಗುತ್ತಾರೆ, ಇದು ಹೊಸ ಬಗೆಯ ಹರಟೆ ಎಂದು ಹಿಗ್ಗಿನ್ಸ್ ಸಮಜಾಯಿಷಿ ಕೊಟ್ಟದ್ದೇ ತಡ, ಅದನ್ನು ಒಪ್ಪಿಯೂಬಿಡುತ್ತಾರೆ. ಅವಳು ಹೊರಡುವಾಗ ಆಡಿದ ಒರಟು ಬೈಗುಳವನ್ನು ಅತಿಥಿಗಳ ಪೈಕಿಯ ತರುಣಿಯೊಬ್ಬಳು ಅಂದಿನ ಹೊಸ ರೂಢಿಯೆಂದು ತಿಳಿದು ತಾನೂ ಆಡಿ ಖುಷಿಪಡುತ್ತಾಳೆ. ಬಡವಿ ಬೀದಿಯಲ್ಲಿ ಆಡಿದರೆ ಅಸಹ್ಯವೆನಿಸುವ ಅದೇ ಮಾತು, ದಿವಾನಖಾನೆಯ ಕುರ್ಚಿಯಿಂದ ಸರಿಯಾದ ಸ್ವರದಲ್ಲಿ ಬಂದಾಗ ಅನುಕರಣೀಯವಾಗುತ್ತದೆ. ಪೂರ್ವಗ್ರಹ ಕೆಲಸ ಮಾಡುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸುವ ಇನ್ನೊಂದು ದೃಶ್ಯ ನನ್ನ ಓದಿನಲ್ಲಿ ಸಿಕ್ಕಿಲ್ಲ. ಆ ಕೋಣೆಯಲ್ಲಿ ಯಾರೂ ಯಾರನ್ನೂ ಹೀಯಾಳಿಸಿಲ್ಲ, ಎಲ್ಲರೂ ಸಭ್ಯರಾಗಿಯೇ ಇದ್ದಾರೆ, ಮತ್ತು ಯಾರೊಬ್ಬರೂ ಅವಳ ಮಾತನ್ನು ಕೇಳಿಸಿಕೊಂಡಿಲ್ಲ. ಒಬ್ಬ ಮುದುಕಿಯ ಸಾವು, ಕಳೆದುಹೋದ ಟೋಪಿ, ಬಡತನದ ಒಂದು ಇಡೀ ಜಗತ್ತು ಅವರ ಕಿವಿಯ ಮೇಲೆ ಬಿದ್ದರೂ ಅವರಿಗೆ ಕೇಳಿಸಿದ್ದು ಉಚ್ಚಾರ ಮಾತ್ರ.

ರಷ್ಯದ ಲೇಖಕ ಗೊಗೊಲ್ 1836ರಲ್ಲಿ ರಂಗಕ್ಕೆ ತಂದ ‘ಇನ್‌ಸ್ಪೆಕ್ಟರ್ ಜನರಲ್’ ನಾಟಕದಲ್ಲಿ ವೇಷಧಾರಿಗೆ ತಾನು ವೇಷ ಹಾಕಿದ್ದೇನೆಂಬುದೇ ಮೊದಲು ಗೊತ್ತಿರುವುದಿಲ್ಲ. ವಸತಿಗೃಹದಲ್ಲಿ ಸಾಲ ಮಾಡಿಕೊಂಡು, ಹಸಿದು, ಪಕ್ಕದವರು ತಿನ್ನುತ್ತಿದ್ದ ಮೀನಿನ ತಟ್ಟೆಯತ್ತ ಇಣುಕಿ ನೋಡಿದ ಕೈಬರಿದಾದ ಗುಮಾಸ್ತನನ್ನು ಊರಿನ ಇಬ್ಬರು ಜಮೀನುದಾರರು ನೋಡುತ್ತಾರೆ. ದುಡ್ಡು ಕೊಡುತ್ತಿಲ್ಲ, ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾನೆ, ಆದ್ದರಿಂದ ಇವನು ರಾಜಧಾನಿಯಿಂದ ಬಂದ ತಪಾಸಣಾಧಿಕಾರಿಯೇ ಸರಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹಸಿವಿನ ಲಕ್ಷಣಗಳು ಅಧಿಕಾರದ ಲಕ್ಷಣಗಳಾಗಿಬಿಟ್ಟವು. ಜರ್ಮನಿಯ ಪ್ರಷ್ಯಾದಲ್ಲಿ ನಿಜವಾಗಿ ನಡೆದ, ಮುಂದೆ ಕಾರ್ಲ್ ತ್ಸುಕ್‌ಮಾಯರ್ 1931ರಲ್ಲಿ ನಾಟಕವಾಗಿಸಿದ ಕ್ಯೋಪೆನಿಕ್ ಎಂಬ ಊರಿನ ಪ್ರಕರಣವನ್ನೂ ಇದರ ಜೊತೆಯಲ್ಲಿಟ್ಟು ನೋಡಬಹುದು. 1906ರಲ್ಲಿ, ಜೈಲು ಕಂಡಿದ್ದ, ಎಲ್ಲಿಯೂ ನೆಲೆಸಲು ಪರವಾನಗಿ ಸಿಗದೆ ಅಲೆಯುತ್ತಿದ್ದ ಚಮ್ಮಾರ ವಿಲ್‌ಹೆಲ್ಮ್ ಫೋಗ್ಟ್, ಸೇನಾ ಕ್ಯಾಪ್ಟನ್ನನ ಹಳೆಯ ಸಮವಸ್ತ್ರ ತೊಟ್ಟು ಬೀದಿಯಲ್ಲಿದ್ದ ಸೈನಿಕರನ್ನು ಕರೆದುಕೊಂಡು ಹೋಗಿ, ಮೇಯರನ್ನೇ ಬಂಧಿಸಿ, ಪುರಸಭೆಯ ಹಣದೊಂದಿಗೆ ಹೊರಟುಹೋದ. ಅಹವಾಲು ಹಿಡಿದು ಬಂದಾಗ ಯಾವ ಕಚೇರಿಯೂ ತಲೆಯೆತ್ತಿ ನೋಡದ ಮನುಷ್ಯನಿಗೆ ಕೋಟು ಬದಲಾದ ದಿನ ಪುರಸಭೆಗೆ ಪುರಸಭೆಯೇ ಎದ್ದು ನಿಂತಿತು. ಇವೆರಡೂ ಹಣಕ್ಕಿಂತ ಅಧಿಕಾರವನ್ನು ಕುರಿತವು, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಶಿಕ್ಷೆ ಯಾರ ಪಾಲಿಗೆ ಬರುತ್ತದೆ ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ, ಅದರ ಬಗ್ಗೆ ತಮ್ಮ ಲೇಖಕರು ಒಂದು ಸಾಲನ್ನೂ ಬರೆದಿಲ್ಲ. ಫ್ರಾನ್ಸಿನ ನಾಟಕಕಾರ ಮೋಲಿಯೇರ್ 1659ರಷ್ಟು ಹಿಂದೆಯೇ ಬರೆದ ಒಂದಂಕದ ಪ್ರಹಸನದಲ್ಲಿ, ತಮ್ಮನ್ನು ತಿರಸ್ಕರಿಸಿದ ಇಬ್ಬರು ಬೆಡಗಿಯರಿಗೆ ಪಾಠ ಕಲಿಸಲು ಯಜಮಾನರಿಬ್ಬರು ತಮ್ಮ ಸೇವಕರನ್ನೇ ಶ್ರೀಮಂತ ಕುಲದವರ ವೇಷದಲ್ಲಿ ಕಳುಹಿಸುತ್ತಾರೆ. ಹುಡುಗಿಯರು ಮರುಳಾಗುತ್ತಾರೆ, ಯಜಮಾನರು ಬಂದು ಗುಟ್ಟು ಬಿಚ್ಚುತ್ತಾರೆ. ಆಗ ಪೆಟ್ಟು ಬೀಳುವುದು ಸೇವಕರ ಬೆನ್ನಿನ ಮೇಲೆ, ಎಲ್ಲರೆದುರು ಬಟ್ಟೆ ಬಿಚ್ಚಿಸಿಕೊಳ್ಳುವವರೂ ಅವರೇ. ಹೇಳಿದ ಕೆಲಸ ಮಾಡಿದವರು ಹೊಡೆತ ತಿಂದು ಹೋಗುವಾಗ ಮೂರೂವರೆ ಶತಮಾನದಿಂದ ಪ್ರೇಕ್ಷಕರು ನಗುತ್ತಲೇ ಇದ್ದಾರೆ.

ಗ್ವೇರ್ ಅವರ ನಾಟಕದಲ್ಲಿಯೂ ನಿಜವಾದ ಬೆಲೆ ತೆತ್ತವರು ಸಿರಿವಂತರಲ್ಲ. ನಟರಾಗುವ ಆಸೆಯಿಂದ ದೂರದ ಯೂಟಾ ರಾಜ್ಯದಿಂದ ಬಂದು, ಹೋಟೆಲಿನಲ್ಲಿ ದುಡಿದು ಕಾಸು ಕೂಡಿಟ್ಟಿದ್ದ ಬಡ ಜೋಡಿಯೊಂದು ಪಾಲ್‌ನನ್ನು ನಂಬಿ ಮನೆಯಲ್ಲಿಟ್ಟುಕೊಳ್ಳುತ್ತದೆ. ಅವನು ಆ ಹಣವನ್ನು ಪಡೆದು, ಹುಡುಗನನ್ನು ಒಂದು ರಾತ್ರಿಯ ವೈಭವಕ್ಕೆ ಕರೆದೊಯ್ದು, ಅವನೊಂದಿಗೆ ದೇಹಸಂಬಂಧ ಬೆಳೆಸಿ ಕಣ್ಮರೆಯಾಗುತ್ತಾನೆ. ಅವಮಾನ ತಾಳಲಾರದೆ ಆ ಹುಡುಗ ಪ್ರಾಣ ಕಳೆದುಕೊಳ್ಳುತ್ತಾನೆ. ವೇಷಧಾರಿಯನ್ನು ಸಮಾಜದ ಮುಖವಾಡ ಕಳಚುವ ವೀರನೆಂದು ಹೊಗಳಲು ಹೊರಟವರಿಗೆ ಈ ಭಾಗ ನುಂಗಲಾರದ ತುತ್ತು. ಕೆಲವು ಪ್ರಶಂಸಕರು ಇದನ್ನು ಮುಟ್ಟದೆ ದಾಟಿಬಿಡುತ್ತಾರೆ, ಅದು ಪ್ರಾಮಾಣಿಕತೆಯಲ್ಲ. ಪಾಲ್ ಮಾಡಿದ್ದು ಘೋರ ಅನ್ಯಾಯ. ಅವನು ಬಿಳಿಯ ಸಿರಿವಂತರ ಪೂರ್ವಗ್ರಹವನ್ನು ಬಯಲಿಗೆಳೆದದ್ದೂ ನಿಜ, ತನ್ನಂತೆಯೇ ಬರಿಗೈಯಲ್ಲಿದ್ದವರನ್ನು ಹಾಳುಮಾಡಿದ್ದೂ ನಿಜ. ಎರಡು ಮನೆಗಳೂ ಅವನಿಗೆ ಬಾಗಿಲು ತೆರೆದವು, ಆದರೆ ಸಿರಿವಂತರ ಮನೆ ತಡೆದುಕೊಂಡ ಹೊಡೆತವನ್ನು ಬಡವರ ಮನೆ ತಡೆದುಕೊಳ್ಳಲಾರದೆ ಹೋಯಿತು. ಒಬ್ಬರಿಗೆ ಅದು ಮುಂದಿನ ಔತಣದಲ್ಲಿ ಹೇಳಿಕೊಳ್ಳುವ ಸ್ವಾರಸ್ಯದ ಪ್ರಸಂಗ, ಇನ್ನೊಬ್ಬರಿಗೆ ಸಾವು. ವರ್ಗದ ಅಂತರವನ್ನು ನಾಟಕಕಾರರು ಭಾಷಣವಿಲ್ಲದೆ, ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದ್ದಾರೆ. ಹೀಗಾಗಿ ಅವಧಿ ಮೊಟಕುಗೊಳಿಸುವ ನೆಪದಲ್ಲಿ ಈ ಬಡ ಜೋಡಿಯ ಕಥೆಗೆ ಕತ್ತರಿ ಹಾಕಿದರೆ ನಾಟಕದ ನ್ಯಾಯವೇ ತಪ್ಪುತ್ತದೆ.

ಈ ಕಥೆಯ ಹಿಂದಿನ ನಿಜ ಘಟನೆಯಲ್ಲಿಯೂ ಇದೇ ಪ್ರಶ್ನೆ ಉಳಿದಿದೆ. 1983ರಲ್ಲಿ ಡೇವಿಡ್ ಹ್ಯಾಂಪ್ಟನ್ ಎಂಬ ಯುವಕ ಪಾಟಿಯೇ ಅವರ ಮಗನೆಂದು ಹೇಳಿಕೊಂಡು ನ್ಯೂಯಾರ್ಕಿನ ಹಲವು ಅನುಕೂಲಸ್ಥರ ಮನೆಗಳಲ್ಲಿ ಸತ್ಕಾರ ಪಡೆದು ಸಿಕ್ಕಿಬಿದ್ದು, ಸೆರೆವಾಸವನ್ನೂ ಅನುಭವಿಸಿದ. ಮೋಸಹೋದವರಲ್ಲಿ ಗ್ವೇರ್ ಅವರ ಪರಿಚಯದ ದಂಪತಿಯೂ ಇದ್ದರು, ನಾಟಕಕ್ಕೆ ಬೀಜ ಸಿಕ್ಕಿದ್ದು ಅಲ್ಲಿಂದ. ನಾಟಕ ಯಶಸ್ವಿಯಾದ ಮೇಲೆ ಹ್ಯಾಂಪ್ಟನ್, ತನ್ನ ಬದುಕನ್ನು ಬಳಸಿಕೊಂಡದ್ದಕ್ಕೆ 10 ಕೋಟಿ ಡಾಲರ್ ಪರಿಹಾರ ಬೇಕೆಂದು ದಾವೆ ಹೂಡಿ ಸೋತ; 2003ರಲ್ಲಿ ತೀರಿಕೊಂಡ. ಕಾನೂನಿನ ದೃಷ್ಟಿಯಿಂದ ನ್ಯಾಯಾಲಯದ ತೀರ್ಮಾನ ಸರಿಯೇ ಇರಬಹುದು, ನಡೆದ ಘಟನೆಯಿಂದ ಕಲೆ ಕಟ್ಟುವ ಹಕ್ಕು ನಾಟಕಕಾರರಿಗೆ ಇರಲೇಬೇಕು. ಆದರೂ ಅವನ ಸುಳ್ಳಿನಿಂದ ಹುಟ್ಟಿದ ನಾಟಕವನ್ನು ನೋಡಲು ಟಿಕೆಟ್ ಕೊಂಡು ಬಂದವರಲ್ಲಿ, ಅವನು ಬಾಗಿಲು ತಟ್ಟಿದ ಮನೆಗಳಂಥ ಮನೆಗಳವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಗ್ವೇರ್ ಅವರಿಗೆ ಈ ಇಕ್ಕಟ್ಟು ತಿಳಿದಿತ್ತೆಂದೇ ನನ್ನ ನಂಬಿಕೆ. ನಡೆದುಹೋದ ಅನುಭವವನ್ನು ಔತಣಕೂಟದ ಕಥೆಯಾಗಿಸಿ ಕೈತೊಳೆದುಕೊಳ್ಳುವುದರ ವಿರುದ್ಧ ಉಯೀಸಾ ಕೊನೆಯಲ್ಲಿ ಎತ್ತುವ ದನಿ, ರಂಗದ ಮೇಲಿನ ಅವಳ ಗೆಳೆಯರಿಗೆ ಎಷ್ಟು ಅನ್ವಯಿಸುತ್ತದೆಯೋ ಕೆಳಗೆ ಕುಳಿತವರಿಗೂ ಅಷ್ಟೇ ಅನ್ವಯಿಸುತ್ತದೆ.

ಹೀಗಿರುವಾಗ ಈ ನಾಟಕಗಳನ್ನು ಆಡುವವರಲ್ಲಿ ಮತ್ತು ಅವುಗಳ ಬಗ್ಗೆ ಬರೆಯುವವರಲ್ಲಿ ನನ್ನ ಮನವಿಯಿಷ್ಟೇ. ಮನೆಯವರನ್ನು ಹಾಸ್ಯಾಸ್ಪದ ಮೂರ್ಖರಂತೆ, ಜಂಭದ ಗೊಂಬೆಗಳಂತೆ ತೋರಿಸಬೇಡಿ. ಹಾಗೆ ತೋರಿಸಿದರೆ, ನಾವು ಇಂಥವರಲ್ಲ ಎಂದುಕೊಂಡು ಪ್ರೇಕ್ಷಕ ಹಗುರಾಗಿ ಮನೆಗೆ ಹೋಗುತ್ತಾನೆ. ಕಿಟ್ರೆಜ್ ದಂಪತಿ ಓದಿದವರು, ಕಲೆಯನ್ನು ಪ್ರೀತಿಸುವವರು, ವರ್ಣಭೇದವನ್ನು ಮಾತಿನಲ್ಲಿ ಮನಸಾರೆ ಖಂಡಿಸುವವರು. ಗಾಯಗೊಂಡ ಹುಡುಗನಿಗೆ ಅವರು ಪಟ್ಟಿ ಕಟ್ಟುವಾಗ ಅವರ ಕೈಯಲ್ಲಿ ಕಪಟವಿರುವುದಿಲ್ಲ. ಒಳ್ಳೆಯವರಾಗಿದ್ದೂ ಅವರೊಳಗೆ ಇದೆಲ್ಲ ಇತ್ತು ಎಂಬುದು ನಾಟಕದ ಹೊಡೆತ. ಪಾಲ್‌ನ ಪಾತ್ರ ಮಾಡುವ ನಟನೂ ಪ್ರೇಕ್ಷಕನತ್ತ ಕಣ್ಣು ಮಿಟುಕಿಸಿ, ನಾನು ಇವರನ್ನು ಆಡಿಸುತ್ತಿದ್ದೇನೆ ನೋಡಿ ಎಂಬ ಸನ್ನೆ ಮಾಡಬಾರದು. ಆ ಮನೆಯಲ್ಲಿ ಕಳೆದ ರಾತ್ರಿ ತನ್ನ ಬದುಕಿನ ಸಂತೋಷದ ರಾತ್ರಿಯಾಗಿತ್ತು ಎಂದು ಅವನು ಮುಂದೆ ಹೇಳುವುದನ್ನು ನಾವು ನಂಬಬೇಕಾದರೆ, ಅಡುಗೆ ಮಾಡುವಾಗಿನ ಅವನ ಸಡಗರವೂ ನಿಜವಾದದ್ದಾಗಿರಬೇಕು.

ಕೊನೆಯ ದೂರವಾಣಿ ಸಂಭಾಷಣೆಯನ್ನು ಅವಸರದಲ್ಲಿ ಮುಗಿಸುವ ಪ್ರಯೋಗಗಳು ನನಗೆ ಬಹಳ ಬೇಸರ ತರಿಸುತ್ತವೆ. ಪೊಲೀಸರು ಹುಡುಕುತ್ತಿರುವ ಪಾಲ್, ಶರಣಾಗುವಾಗ ಜೊತೆಯಲ್ಲಿರುವಂತೆ ಉಯೀಸಾಳನ್ನು ಕೇಳಿಕೊಳ್ಳುತ್ತಾನೆ, ಅವಳು ಮಾತು ಕೊಡುತ್ತಾಳೆ. ಅತ್ತ ಗಂಡ ಹೊರಡಲು ಅವಸರಿಸುತ್ತಿದ್ದಾನೆ. ಅವಳು ತಲುಪುವಷ್ಟರಲ್ಲಿ ಪೊಲೀಸರು ಅವನನ್ನು ಕರೆದೊಯ್ದಾಗಿರುತ್ತದೆ. ಮುಂದೆ ಅವನೇನಾದ ಎಂದು ವಿಚಾರಿಸಲು ಹೋದರೆ, ರಕ್ತಸಂಬಂಧಿಯಲ್ಲದ ಅವಳಿಗೆ ಯಾರೂ ಉತ್ತರ ಕೊಡುವುದಿಲ್ಲ. ಕೇಳುವುದಕ್ಕೆ ಅವಳ ಬಳಿ ಅವನ ನಿಜವಾದ ಹೆಸರೂ ಇರುವುದಿಲ್ಲ. ಊಟ, ಹಾಸಿಗೆ, ಹಣ ಕೊಟ್ಟವರಿಗೆ ಅಷ್ಟು ದಿನಗಳಲ್ಲಿ ಅದನ್ನು ಕೇಳಿ ತಿಳಿಯುವುದು ಸಾಧ್ಯವಾಗಿರಲಿಲ್ಲ. ಈ ದೃಶ್ಯವನ್ನು ಪೂರ್ತಿಯಾಗಿ, ಬೇಕಾದಷ್ಟು ಬಿಡುವು ಕೊಟ್ಟು ಆಡಬೇಕು. ತಮ್ಮ ವಿಮರ್ಶಕರೂ ಮುಂದೆ ಇಂಥ ಪ್ರಯೋಗವನ್ನು ಕುರಿತು ಬರೆಯುವಾಗ, ವೇಷಧಾರಿ ಹೇಗೆ ಸಿಕ್ಕಿಬಿದ್ದ ಎಂಬುದಕ್ಕೆ ಕೊಡುವ ಜಾಗದಲ್ಲಿ ಒಂದಷ್ಟನ್ನು ಈ ದೃಶ್ಯಕ್ಕೂ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಂಗಭೂಮಿಯ ಒಬ್ಬ ಆಸಕ್ತ ಓದುಗ